ತಾಲೀಮಿಗೂ ವೇದಿಕೆಗೂ ಬೇಸ್ ಗಿಟಾರ್ ಪರಿಕರಗಳು: ಆಯ್ಕೆಯಿಂದ ಬಳಕೆಯವರೆಗೆ

ಬೇಸ್ ಗಿಟಾರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಯಾವ ಕಂಪನಿಯದು ಒಳ್ಳೆಯದು, ಎಷ್ಟು ವಾಟ್‌ನ ಆಂಪ್ (ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್) ಬೇಕು. ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ನಾನು ಮೀಟಿದ ಸ್ವರ ಕೇಳುಗರ ಕಿವಿಯನ್ನು ಯಾವ ದಾರಿಯಲ್ಲಿ ತಲುಪುತ್ತದೆ? ಬೇಸ್‌ನ ನಾದದಲ್ಲಿ ವಾದ್ಯದ ಪಾಲು ಎಷ್ಟಿದೆಯೋ ಕೋಣೆ, ವಿದ್ಯುತ್ ಮತ್ತು ಕೇಬಲ್‌ಗಳ ಪಾಲೂ ಸುಮಾರು ಅಷ್ಟೇ ಇದೆ. ಇದು ಗೊತ್ತಿಲ್ಲದೆ ದುಡ್ಡು ಸುರಿದವರನ್ನು ಬಹಳ ನೋಡಿದ್ದೇನೆ, ನಾನೂ ಸುರಿದಿದ್ದೇನೆ. ಆದ್ದರಿಂದ ಈ ಮಾರ್ಗದರ್ಶಿ ಅಂಗಡಿಯಿಂದ ಆರಂಭವಾಗದೆ, ನೀವು ನುಡಿಸುವ ಜಾಗದಿಂದ ಆರಂಭವಾಗುತ್ತದೆ.

ಹಂತ 1: ಎಲ್ಲಿ ನುಡಿಸುತ್ತೀರಿ ಎಂದು ನಿರ್ಧರಿಸಿಕೊಳ್ಳುವುದು

ನಮ್ಮಲ್ಲಿ ಬೇಸ್ ನುಡಿಸುವ ಸಂದರ್ಭಗಳು ಹೆಚ್ಚಾಗಿ ಮೂರು ಬಗೆಯವು. ಮೊದಲನೆಯದು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮ್ ಅಥವಾ ಗೆಳೆಯರೊಬ್ಬರ ಮನೆಯ ಮಹಡಿಯ ಕೋಣೆ. ಜ್ಯಾಮ್ ರೂಮ್‌ನಲ್ಲಿ ಬಹುತೇಕ ಅವರದೇ ಆಂಪ್ ಇರುತ್ತದೆ. ಎರಡನೆಯದು, ಐವತ್ತು ಅರವತ್ತು ಜನ ಕೂರುವ ಕೆಫೆ ಅಥವಾ ಕಾಲೇಜಿನ ಸಣ್ಣ ಸಭಾಂಗಣ. ಅಲ್ಲಿ ಮೈಕುಗಳಿಗಷ್ಟೇ ಸೌಂಡ್ ವ್ಯವಸ್ಥೆ ಇದ್ದು, ಬೇಸ್‌ನ ದನಿ ಪೂರ್ತಿಯಾಗಿ ನಿಮ್ಮ ಆಂಪ್‌ನಿಂದಲೇ ಹೊರಡಬೇಕಾಗುತ್ತದೆ. ಮೂರನೆಯದು, ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆ, ಮದುವೆಯ ಆರತಕ್ಷತೆಗಳಲ್ಲಿ ನಡೆಯುವ ಆರ್ಕೆಸ್ಟ್ರಾ. ಇಲ್ಲಿ ಸಭೆಯನ್ನು ತುಂಬುವುದು ಸೌಂಡ್‌ನವರ ಸ್ಪೀಕರ್‌ಗಳು. ವೇದಿಕೆಯ ಮೇಲೆ ಆಂಪ್ ಇದ್ದರೂ ಅದು ನಿಮಗೂ ಡ್ರಮ್ಮರ್‌ಗೂ ಕೇಳಿಸಲಷ್ಟೇ.

ನೀವು ಹೆಚ್ಚಾಗಿ ಮೂರನೆಯ ಬಗೆಯವರಾಗಿದ್ದರೆ ದೊಡ್ಡ ಆಂಪ್‌ನ ಅಗತ್ಯವೇ ಇಲ್ಲ. ಸರಿಯಾಗಿ ಸೆಟಪ್ ಆದ (ತಂತಿಯ ಎತ್ತರ ಮುಂತಾದವನ್ನು ಹೊಂದಿಸಿದ) ವಾದ್ಯ, ಗಟ್ಟಿಮುಟ್ಟಾದ ಕೇಬಲ್, ವಾದ್ಯದ ಸಿಗ್ನಲನ್ನು ಮಿಕ್ಸರ್‌ಗೆ ಒಪ್ಪುವಂತೆ ಮಾಡುವ ಒಂದು ಡಿಐ ಬಾಕ್ಸ್, ಇವಿಷ್ಟಿದ್ದರೆ ಯಾವ ಊರಿನ ವೇದಿಕೆಯನ್ನಾದರೂ ಹತ್ತಬಹುದು. ಎರಡನೆಯ ಬಗೆಯವರಿಗೆ ಮಾತ್ರ ಆಂಪ್ ಮೊದಲ ಖರ್ಚಾಗಬೇಕು. ಕೊಳ್ಳುವ ಕ್ರಮವನ್ನು ಹೀಗೆ ಬರೆದಿಟ್ಟುಕೊಂಡ ಮೇಲೆಯೇ ಅಂಗಡಿಗೆ ಹೋಗುವುದು ಒಳಿತು.

ಹಂತ 2: ವಾದ್ಯವನ್ನು ಆರಿಸುವುದು

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನೂ 1960ರಲ್ಲಿ ಜ್ಯಾಸ್ ಬೇಸ್ ಅನ್ನೂ ಮಾರುಕಟ್ಟೆಗೆ ತಂದರು. ಇಂದು ಸಿಗುವ ಹೆಚ್ಚಿನ ಬೇಸ್‌ಗಳು ಈ ಎರಡರ ವಂಶದವೇ. ಪ್ರಿಸಿಷನ್‌ನಲ್ಲಿ 1957ರಿಂದ ಬಂದಿರುವ, ಎರಡು ತುಂಡುಗಳಾದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ) ಗುಂಯ್‌ಗುಡುವ ಸದ್ದನ್ನು ತಾನೇ ರದ್ದುಮಾಡಿಕೊಳ್ಳುತ್ತದೆ. ಜ್ಯಾಸ್‌ನಲ್ಲಿ ಎರಡು ಬಿಡಿ ಪಿಕಪ್‌ಗಳಿದ್ದು, ಎರಡರ ವಾಲ್ಯೂಮ್ ಸಮನಾಗಿದ್ದಾಗ ಮಾತ್ರ ಆ ಸದ್ದು ಅಡಗುತ್ತದೆ. ಒಂದನ್ನು ತಗ್ಗಿಸಿದ ಕೂಡಲೇ ತಲೆಯೆತ್ತುತ್ತದೆ. ಸೀರಿಯಲ್ ಸೆಟ್ ದೀಪಗಳು, ಡಿಮ್ಮರ್‌ಗಳು, ಜನರೇಟರ್ ಎಲ್ಲ ಒಟ್ಟಿಗೇ ಇರುವ ನಮ್ಮ ವೇದಿಕೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮೊದಲ ವಾದ್ಯ ಕೊಳ್ಳುವವರಿಗೆ ನಾನು ಪ್ರಿಸಿಷನ್ ಬಗೆಯದನ್ನೋ ಗುಂಯ್ ಸದ್ದನ್ನು ಅಡಗಿಸುವ ಹಂಬಕರ್ ಪಿಕಪ್ ಇರುವುದನ್ನೋ ಸೂಚಿಸುವುದು ಇದೇ ಕಾರಣಕ್ಕೆ. ಸ್ಕ್ವಯರ್, ಯಮಾಹಾ, ಐಬನೇಜ್ ಕಂಪನಿಗಳ ಆರಂಭಿಕ ಶ್ರೇಣಿಯ ವಾದ್ಯಗಳು ಸೆಟಪ್ ಸರಿಯಿದ್ದರೆ ವೇದಿಕೆಗೆ ಧಾರಾಳವಾಗಿ ಸಾಕು.

ನಾಲ್ಕು ತಂತಿಯೋ ಐದೋ ಎಂಬ ಚರ್ಚೆ ನಮ್ಮಲ್ಲಿ ಗಾಯಕರನ್ನು ಅವಲಂಬಿಸಿದೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ಕೆಳಗಿನ ಸ್ವರ 41.2 ಹರ್ಟ್ಜ್‌ನ ಇ. ಆರ್ಕೆಸ್ಟ್ರಾದಲ್ಲಿ ಗಾಯಕರ ಅನುಕೂಲಕ್ಕೆ ಶ್ರುತಿಯನ್ನು ಡಿಗೋ ಸಿಗೋ ಇಳಿಸಿದರೆ 36.7 ಅಥವಾ 32.7 ಹರ್ಟ್ಜ್‌ನ ಸ್ವರಗಳು ಬೇಕಾಗುತ್ತವೆ, ಅವು ನಾಲ್ಕು ತಂತಿಯಲ್ಲಿ ಸಿಗುವುದಿಲ್ಲ. ಒಂದು ಸ್ಥಾಯಿ ಮೇಲಕ್ಕೆ ಹೋಗಿ ನುಡಿಸಬಹುದು, ಆದರೆ ಹಾಡಿನ ತಳ ಹಗುರಾಗುತ್ತದೆ. ವಾರಕ್ಕೆರಡು ಚಿತ್ರಗೀತೆ ಕಾರ್ಯಕ್ರಮ ಕೊಡುವವರಿಗೆ ಐದು ತಂತಿಯ ವಾದ್ಯ ನಿಜಕ್ಕೂ ಉಪಯುಕ್ತ. ಸ್ವಂತ ಹಾಡುಗಳನ್ನು ನುಡಿಸುವ ತಂಡಕ್ಕೆ ನಾಲ್ಕು ಸಾಕು, ಕೈಗೂ ಸುಲಭ. ಬೆರಳು ಚಿಕ್ಕವಾಗಿರುವವರು 34 ಇಂಚಿನ ಸಾಮಾನ್ಯ ಸ್ಕೇಲ್ (ಮೀಟುವ ತಂತಿಯ ಉದ್ದ) ಬದಲಿಗೆ 30 ಇಂಚಿನ ಶಾರ್ಟ್ ಸ್ಕೇಲ್ ವಾದ್ಯವನ್ನು ಯಾವ ಸಂಕೋಚವೂ ಇಲ್ಲದೆ ಆರಿಸಿಕೊಳ್ಳಬಹುದು.

ಆಕ್ಟಿವ್ ಬೇಸ್‌ನ ಒಳಗೆ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ (ಸಿಗ್ನಲನ್ನು ಬಲಪಡಿಸಿ ದನಿ ತಿದ್ದುವ ಸರ್ಕ್ಯೂಟ್) ಇರುತ್ತದೆ, ಪ್ಯಾಸಿವ್ ಬೇಸ್‌ನಲ್ಲಿ ಇರುವುದಿಲ್ಲ. ಆಕ್ಟಿವ್ ಬೇಸ್‌ಗೆ ಕೇಬಲ್ ಚುಚ್ಚಿದ ಕ್ಷಣದಿಂದಲೇ ಬ್ಯಾಟರಿ ಖರ್ಚಾಗತೊಡಗುತ್ತದೆ, ನುಡಿಸಿದರೂ ಸರಿ, ಸುಮ್ಮನೆ ಸ್ಟ್ಯಾಂಡ್‌ಗೆ ಒರಗಿಸಿದರೂ ಸರಿ. ರಾತ್ರಿಯಿಡೀ ಕೇಬಲ್ ಸಿಕ್ಕಿಸಿಟ್ಟು ಬೆಳಗ್ಗೆ ದನಿ ಒಡೆಯುತ್ತಿದೆ ಎಂದು ಪಿಕಪ್ ಬಿಚ್ಚಿಸಿದವರಿದ್ದಾರೆ.

ಹಳೆಯ ವಾದ್ಯ ಕೊಳ್ಳುವಾಗ ಹೀಗೆ ಪರೀಕ್ಷಿಸಿ. ಬಾಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್‌ನ (ಬೆರಳಿಡುವ ಉದ್ದನೆಯ ಭಾಗದ) ಉದ್ದಕ್ಕೂ ನೋಡಿ. ಲಘುವಾದ ಬಾಗು ಇರಬಹುದು, ತಿರುಚು ಇರಕೂಡದು. ಟ್ರಸ್ ರಾಡ್ (ನೆಕ್‌ನ ಬಾಗನ್ನು ಹೊಂದಿಸುವ ಒಳಗಿನ ಲೋಹದ ಸರಳು) ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ತಿರುಗುತ್ತದೆಯೇ ಎಂದು ಮಾಲೀಕರ ಎದುರಿಗೇ ಖಚಿತಪಡಿಸಿಕೊಳ್ಳಿ. ಅದು ಸಿಕ್ಕಿಕೊಂಡಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಆಮೇಲೆ ಜಿ ತಂತಿಯಲ್ಲಿ ಮೂರರಿಂದ ಒಂಬತ್ತನೆಯ ಫ್ರೆಟ್‌ವರೆಗೆ (ನೆಕ್‌ನ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್) ಒಂದೊಂದೇ ಸ್ವರವನ್ನು ಮೀಟಿ, ಪೂರ್ತಿ ಅಡಗುವ ತನಕ ಕೇಳಿ. ಫೆಂಡರ್ ಮಾದರಿಯ ನೆಕ್‌ಗಳಲ್ಲಿ ಐದು, ಆರು, ಏಳನೆಯ ಫ್ರೆಟ್‌ಗಳ ಸುತ್ತ ಸ್ವರ ಬೇಗ ಸಾಯುವ ಒಂದು ಜಾಗ ಇರುವುದುಂಟು. ಸ್ವಲ್ಪ ಇದ್ದರೆ ಅದು ಆ ವಾದ್ಯದ ಸ್ವಭಾವ. ಎರಡು ಸೆಕೆಂಡೂ ನಿಲ್ಲದಿದ್ದರೆ ಬೇರೆ ವಾದ್ಯ ನೋಡಿ.

ಹಂತ 3: ತಂತಿ ಮತ್ತು ಸೆಟಪ್

ಆಂಪ್‌ಗೆ ಕೊಡುವ ಹಣದ ಹತ್ತನೇ ಒಂದು ಪಾಲನ್ನು ಸೆಟಪ್‌ಗೆ ಕೊಟ್ಟರೆ ಅದರ ಫಲ ಹೆಚ್ಚು. ಮೊದಲನೆಯ ಫ್ರೆಟ್ ಮತ್ತು ನೆಕ್ ಬಾಡಿಯನ್ನು ಸೇರುವ ಕಡೆಯ ಫ್ರೆಟ್ ಎರಡನ್ನೂ ಒತ್ತಿಹಿಡಿದರೆ, ಏಳೆಂಟನೆಯ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ 2ರಿಂದ 2.5 ಮಿ.ಮೀ. ಇದ್ದರೆ ಬಹುತೇಕರ ಕೈಗೆ ಹಿತ. ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬೇಸಿಗೆಯಿಂದ ಮಳೆಗಾಲಕ್ಕೆ ಕಾಲಿಡುವಾಗ ಮರ ತೇವ ಹೀರಿ ನೆಕ್‌ನ ಬಾಗು ಬದಲಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ವರ್ಷಕ್ಕೆರಡು ಬಾರಿ ಇದನ್ನು ನೋಡಿಕೊಳ್ಳಲೇಬೇಕು.

ತಂತಿಗಳಲ್ಲಿ 45, 65, 85, 105ರ (ಇಂಚಿನ ಸಾವಿರದ ಪಾಲುಗಳಲ್ಲಿ ತಂತಿಯ ದಪ್ಪ) ಸೆಟ್ ಸರ್ವಸಾಮಾನ್ಯ. ರೌಂಡ್‌ವೂಂಡ್ ತಂತಿ ಹೊಳೆಯುವ ದನಿ ಕೊಡುತ್ತದೆ, ಬೆವರಿಗೆ ಬೇಗ ಮಂಕಾಗುತ್ತದೆ. ಫ್ಲ್ಯಾಟ್‌ವೂಂಡ್ ತಂತಿಯ ದನಿ ದುಂಡಗೆ, ಮೃದುವಾಗಿದ್ದು ವರ್ಷಗಟ್ಟಲೆ ಬಾಳುತ್ತದೆ. ಎಪ್ಪತ್ತು ಎಂಬತ್ತರ ದಶಕದ ಚಿತ್ರಗೀತೆಗಳಿಗೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಹಳೆಯ ಹಾಡುಗಳ ಕಾರ್ಯಕ್ರಮಕ್ಕೆಂದೇ ನಾನು ಎರಡನೆಯ ವಾದ್ಯವೊಂದರಲ್ಲಿ ಇದನ್ನು ಕಟ್ಟಿಟ್ಟಿದ್ದೇನೆ.

ಹಂತ 4: ಆಂಪ್ ಮತ್ತು ಕ್ಯಾಬಿನೆಟ್‌ನ ಲೆಕ್ಕ

ವಾಟ್ ಎರಡು ಪಟ್ಟಾದರೆ ಶಬ್ದ ಎರಡು ಪಟ್ಟಾಗುವುದಿಲ್ಲ. 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವಾಟ್ ಹತ್ತು ಪಟ್ಟಾಗಬೇಕು. ಆದ್ದರಿಂದ 300 ವಾಟ್‌ನದನ್ನು ಮಾರಿ 500 ವಾಟ್‌ನದು ಕೊಳ್ಳುವುದರಲ್ಲಿ ಅರ್ಥವಿಲ್ಲ. ಅದೇ ಆಂಪ್‌ಗೆ ಇನ್ನೊಂದು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸೇರಿಸಿದರೆ ಗಾಳಿಯನ್ನು ತಳ್ಳುವ ಕೋನ್‌ಗಳ ವಿಸ್ತೀರ್ಣ ಎರಡು ಪಟ್ಟಾಗುತ್ತದೆ, ಓಮ್ (ವಿದ್ಯುತ್ ಹರಿವಿಗೆ ಸ್ಪೀಕರ್ ಒಡ್ಡುವ ತಡೆ) ಇಳಿದು ಆಂಪ್‌ನ ಶಕ್ತಿಯೂ ಹೆಚ್ಚಾಗಿ ಹೊರಬರುತ್ತದೆ, ವ್ಯತ್ಯಾಸ ಹೊಟ್ಟೆಗೇ ತಿಳಿಯುತ್ತದೆ.

ಮನೆಯಲ್ಲಿ ಅಭ್ಯಾಸಕ್ಕೆ 15ರಿಂದ 40 ವಾಟ್‌ನ ಸಣ್ಣ ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು) ಸಾಕು, ಆದರೆ ಅದು ಡ್ರಮ್ಸ್‌ನ ಪಕ್ಕದಲ್ಲಿ ನಿಲ್ಲಲಾರದು. ಡ್ರಮ್ಸ್ ಇರುವ ತಾಲೀಮಿಗೆ 200ರಿಂದ 300 ವಾಟ್, ಜೊತೆಗೆ ಹತ್ತು ಇಂಚಿನ ಎರಡು ಸ್ಪೀಕರ್ ಅಥವಾ ಹದಿನೈದು ಇಂಚಿನ ಒಂದು ಸ್ಪೀಕರ್ ಇರುವ ಕ್ಯಾಬಿನೆಟ್ ಬೇಕು. ಆಂಪೆಗ್ ಕಂಪನಿ 1969ರಲ್ಲಿ ಹೊರತಂದ 300 ವಾಟ್‌ನ ವಾಲ್ವ್ (ಗಾಜಿನ ಟ್ಯೂಬ್) ಆಂಪನ್ನು ಎತ್ತಲು ಇಬ್ಬರು ಬೇಕಾಗುತ್ತಿತ್ತು. ಇಂದಿನ ಕ್ಲಾಸ್ ಡಿ ಎಂಬ ಹಗುರ ಬಗೆಯ ಆಂಪ್‌ಗಳು ಎರಡು ಮೂರು ಕಿಲೋ ತೂಗುತ್ತವೆ, ತಂತಿಯ ಪ್ಯಾಕೆಟ್ ಜೊತೆ ಅದೇ ಚೀಲದಲ್ಲಿ ಹೋಗುತ್ತವೆ. ಬಸ್ಸಿನಲ್ಲೋ ಬೈಕಿನಲ್ಲೋ ಓಡಾಡುವವರು ಬೇರೆ ಯೋಚನೆ ಮಾಡಬೇಕಿಲ್ಲ.

ಓಮ್‌ನ ಲೆಕ್ಕ ತಪ್ಪಬಾರದು. 8 ಓಮ್‌ನ ಎರಡು ಕ್ಯಾಬಿನೆಟ್ ಒಟ್ಟಿಗೆ ಜೋಡಿಸಿದರೆ 4 ಓಮ್ ಆಗುತ್ತದೆ, 4 ಓಮ್‌ನ ಎರಡು ಜೋಡಿಸಿದರೆ 2. ಆಂಪ್‌ನ ಹಿಂದೆ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಅದಕ್ಕಿಂತ ಕೆಳಗಿಳಿಯಕೂಡದು. ಮುಂದೆ ಇನ್ನೊಂದು ಸೇರಿಸುವ ಆಲೋಚನೆಯಿದ್ದರೆ ಮೊದಲ ಕ್ಯಾಬಿನೆಟ್ 8 ಓಮ್‌ನದೇ ಆಗಿರಲಿ. ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲನ್ನೇ ಬಳಸಿ. ನೋಡಲು ಒಂದೇ ಥರದ ಜ್ಯಾಕ್ ಇದ್ದರೂ ಗಿಟಾರ್ ಕೇಬಲ್‌ನ ಒಳಗಿನ ಎಳೆ ತೀರ ಸಣ್ಣದು, ಕಾದು ಕರಗಿ ಆಂಪನ್ನೇ ಸುಡಬಲ್ಲದು. ವಾಲ್ವ್ ಆಂಪನ್ನು ಕ್ಯಾಬಿನೆಟ್ ಜೋಡಿಸದೆ ಎಂದೂ ಆನ್ ಮಾಡಬೇಡಿ.

ಇನ್ನೊಂದು ಎಚ್ಚರಿಕೆ ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ತಂದುಕೊಡುವ ಆಂಪ್‌ಗೆ ಸಂಬಂಧಿಸಿದ್ದು. ಅಲ್ಲಿನ ವಿದ್ಯುತ್ 120 ವೋಲ್ಟ್, ಇಲ್ಲಿನದು 230. ಹಿಂಬದಿಯಲ್ಲಿ 100-240 ಎಂದಿದ್ದರೆ ನೇರವಾಗಿ ಹಾಕಬಹುದು. 120 ಎಂದಷ್ಟೇ ಇದ್ದರೆ ಸಾಕಷ್ಟು ವಾಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಮುಟ್ಟಬೇಡಿ.

ಹಂತ 5: ಕೇಬಲ್, ಡಿಐ ಬಾಕ್ಸ್, ಪೆಡಲ್

ಪ್ಯಾಸಿವ್ ಬೇಸನ್ನು ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ನೇರವಾಗಿ ಕೊಟ್ಟರೆ ದನಿ ಕಂಬಳಿ ಹೊದ್ದಂತೆ ಕೇಳಿಸುತ್ತದೆ. ಪಿಕಪ್‌ಗೆ ಸುಮಾರು ಹತ್ತು ಲಕ್ಷ ಓಮ್‌ನ ಇನ್‌ಪುಟ್ ಬೇಕು, ಮಿಕ್ಸರ್‌ನ ಮೈಕ್ ಇನ್‌ಪುಟ್ ಕೆಲವೇ ಸಾವಿರ ಓಮ್‌ನದು. ಈ ಎರಡರ ನಡುವೆ ನಿಂತು ಸಂಧಾನ ಮಾಡುವುದೇ ಡಿಐ ಬಾಕ್ಸ್. ಅದು ಸಿಗ್ನಲನ್ನು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್‌ನಲ್ಲಿ ಐವತ್ತು ಮೀಟರ್ ದೂರದ ಮಿಕ್ಸರ್‌ಗೂ ಗಲಾಟೆಯಿಲ್ಲದೆ ಸಾಗಿಸುತ್ತದೆ. ಪ್ಯಾಸಿವ್ ಬೇಸ್‌ಗೆ ಆಕ್ಟಿವ್ ಡಿಐ, ಆಕ್ಟಿವ್ ಬೇಸ್‌ಗೆ ಪ್ಯಾಸಿವ್ ಡಿಐ ಎಂಬುದು ಸುಲಭವಾದ ಸೂತ್ರ. ಸೌಂಡ್‌ನವರ ಬಳಿ ಡಿಐ ಇರುತ್ತದೆ ಎಂದು ನಂಬಿ ಹೋಗಬೇಡಿ. ಇದ್ದರೂ ಅದು ಮೊದಲು ಕೀಬೋರ್ಡ್‌ನವರ ಪಾಲಾಗಿರುತ್ತದೆ. ದನಿ ತಿದ್ದುವ ಗುಂಡಿಗಳೂ ಡಿಐ ಔಟ್‌ಪುಟ್ಟೂ ಒಟ್ಟಿಗೇ ಇರುವ ಪ್ರೀಆಂಪ್ ಪೆಡಲ್ ಒಂದನ್ನು ಕೊಂಡರೆ, ಪ್ರತಿ ಊರಿನಲ್ಲೂ ಬೇರೆ ಬೇರೆ ಆಂಪ್ ಎದುರಾದರೂ ನಿಮ್ಮ ದನಿ ನಿಮ್ಮದಾಗಿಯೇ ಉಳಿಯುತ್ತದೆ. ಒಂದೇ ಒಂದು ವಸ್ತುವಿಗೆ ಹಣವಿದೆ ಎನ್ನುವವರಿಗೆ ನನ್ನ ಸಲಹೆ ಇದೇ.

ಬೇಸ್‌ನಿಂದ ಹೊರಡುವ ಕೇಬಲ್ ಆರು ಮೀಟರ್‌ಗಿಂತ ಉದ್ದವಿರದಿರಲಿ, ಉದ್ದವಾದಷ್ಟೂ ಮೇಲ್ದನಿ ಸೋರುತ್ತದೆ. ಕೇಬಲನ್ನು ಸ್ಟ್ರಾಪ್‌ನ ಒಳಗಿಂದ ಒಂದು ಸುತ್ತು ತಂದು ಜ್ಯಾಕ್‌ಗೆ ಹಾಕಿ. ಯಾರಾದರೂ ತುಳಿದರೂ ಕಿತ್ತುಬರುವುದಿಲ್ಲ. ಪೆಡಲ್‌ಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ಮೊದಲು ಟ್ಯೂನರ್, ಆಮೇಲೆ ಕಂಪ್ರೆಸರ್, ಓವರ್‌ಡ್ರೈವ್, ಕೋರಸ್, ಕೊನೆಯಲ್ಲಿ ಪ್ರೀಆಂಪ್. ಟ್ಯೂನರ್ ಪೆಡಲ್ ಒಂದೇ ಕಡ್ಡಾಯ, ಏಕೆಂದರೆ ಅದನ್ನು ತುಳಿದಾಗ ದನಿ ನಿಲ್ಲುತ್ತದೆ, ಭಾಷಣ ನಡೆಯುವಾಗ ಸದ್ದಿಲ್ಲದೆ ಶ್ರುತಿ ಸರಿಮಾಡಿಕೊಳ್ಳಬಹುದು.

ಹಂತ 6: ವಿದ್ಯುತ್ತನ್ನು ಪರೀಕ್ಷಿಸದೆ ಏನನ್ನೂ ಮುಟ್ಟದಿರುವುದು

ಈ ಹಂತವನ್ನು ದಯವಿಟ್ಟು ಯಾರೂ ದಾಟಿಹೋಗಬೇಡಿ. 1972ರ ಮೇ ತಿಂಗಳಿನಲ್ಲಿ ವೇಲ್ಸ್‌ನ ಸ್ವಾನ್‌ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಗಿಟಾರ್‌ನ ತಂತಿಗಳು ಆಂಪ್‌ನ ಮೂಲಕ ಒಂದು ಅರ್ತ್‌ಗೆ ಸೇರಿರುತ್ತವೆ, ಮೈಕ್‌ನ ಲೋಹದ ಮೈ ಮಿಕ್ಸರ್‌ನ ಮೂಲಕ ಇನ್ನೊಂದಕ್ಕೆ. ಎರಡರಲ್ಲಿ ಒಂದು ಕಡೆ ಅರ್ತ್ ತಪ್ಪಿದ್ದರೂ ಕೈಯಿಂದ ತುಟಿಗೆ ಕರೆಂಟ್ ಹರಿಯಲು ನೀವೇ ದಾರಿಯಾಗುತ್ತೀರಿ.

ಒಂದು ಊರಿನ ಉತ್ಸವದಲ್ಲಿ ಕೋರಸ್ ಹಾಡಲು ಮೈಕ್‌ನ ಹತ್ತಿರ ಬಾಗಿದಾಗ ನನ್ನ ತುಟಿಗೆ ಇರುವೆ ಕಚ್ಚಿದಂತಾಯಿತು. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬೇಸ್‌ನ ಬ್ರಿಡ್ಜ್‌ಗೂ (ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗ) ಇನ್ನೊಂದನ್ನು ಮೈಕ್‌ನ ಜಾಲರಿಗೂ ಹಿಡಿದು ಎಸಿ ವೋಲ್ಟ್‌ನಲ್ಲಿ ನೋಡಿದರೆ ತೊಂಬತ್ತರ ಆಸುಪಾಸು ತೋರಿಸಿತು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದಾಗ, ಮಿಕ್ಸರ್‌ಗೆ ಬಂದಿದ್ದ ಎಕ್ಸ್‌ಟೆನ್ಶನ್ ಬೋರ್ಡ್‌ನ ಹಸಿರು ವಯರ್ ಸ್ಕ್ರೂ ಬಿಟ್ಟು ಪಕ್ಕಕ್ಕೆ ಬಾಗಿ ನಿಂತಿತ್ತು. ಅಂದಿನಿಂದ ಆ ಮೀಟರ್ ನನ್ನ ಚೀಲದ ಮೊದಲ ಸಾಮಾನು. ಕ್ರಮ ಹೀಗಿದೆ: ಪ್ಲಗ್ ಹಾಕುವ ಮುನ್ನ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿ, 220ರಿಂದ 240ರ ಒಳಗಿದ್ದರೆ ಸರಿ. ಮೂರು ಫೇಸ್‌ನ ಸಂಪರ್ಕದಲ್ಲಿ ನ್ಯೂಟ್ರಲ್ ಕಡಿದುಹೋದರೆ ಅದು 400ರ ಹತ್ತಿರಕ್ಕೂ ಏರಬಲ್ಲದು. ಆಮೇಲೆ ಎಲ್ಲ ಆನ್ ಆದ ಮೇಲೆ ಬ್ರಿಡ್ಜ್‌ಗೂ ಮೈಕ್‌ಗೂ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬರುವ ತನಕ ವಾದ್ಯವನ್ನು ಕೆಳಗಿಡಿ. ಕಾರ್ಯಕ್ರಮ ತಡವಾದರೂ ಪರವಾಗಿಲ್ಲ.

ಗುಂಯ್ ಸದ್ದು ಹೋಗಲೆಂದು ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವುದು ಪ್ರಾಣದ ಜೊತೆ ಆಡುವ ಆಟ. ಅದಕ್ಕೆಂದೇ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇದೆ, ಅದನ್ನು ಒತ್ತಿ. ಆಂಪ್ ಮತ್ತು ಮಿಕ್ಸರ್ ಒಂದೇ ಲೈನ್‌ನಿಂದ ಕರೆಂಟ್ ಪಡೆಯಲಿ, ದೀಪಗಳು ಬೇರೆ ಫೇಸ್‌ನಲ್ಲಿರಲಿ ಎಂದು ಮೊದಲೇ ಕೇಳಿಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಜ್‌ನದು, ಇ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49 ಹರ್ಟ್ಜ್‌ನದು. ಗುಂಯ್‌ಗುಡುವ ವೇದಿಕೆಯಲ್ಲಿ ಜಿ ನುಡಿಸಿದಾಗ ಶ್ರುತಿ ಅಲೆಯಾಡಿದಂತೆ ಕೇಳಿಸುವುದು ಈ ಒಂದು ಹರ್ಟ್ಜ್‌ನ ಅಂತರದಿಂದ, ವಾದ್ಯದ ತಪ್ಪಲ್ಲ.

ಹಂತ 7: ತಾಲೀಮಿನ ಕೋಣೆಯನ್ನು ಅರಿಯುವುದು

ನಾವು ವರ್ಷಗಟ್ಟಲೆ ತಾಲೀಮು ನಡೆಸಿದ ಕೋಣೆಯ ಅಗಲ ಹನ್ನೊಂದೂವರೆ ಅಡಿ. ಅಲ್ಲಿಯೂ ಅದೇ ಜಿ ಸ್ವರ ಕಾಡುತ್ತಿತ್ತು: ಮೀಟಿದರೆ ಕಿಟಕಿಯ ಗಾಜು ನಡುಗುತ್ತಿತ್ತು, ಎರಡು ಫ್ರೆಟ್ ಮುಂದಿನ ಎ ಸ್ವರ ಮಾತ್ರ ಪೇಲವವಾಗಿ ಕೇಳಿಸುತ್ತಿತ್ತು. ನಾನು ತಂತಿ ಬದಲಿಸಿದೆ, ಪಿಕಪ್ ತಗ್ಗಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಕಾರಣ ಸರಳವಾಗಿತ್ತು. ಹನ್ನೊಂದೂವರೆ ಅಡಿ ಎಂದರೆ 3.5 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಎರಡು ಗೋಡೆಗಳ ನಡುವೆ ಹೋಗಿಬಂದು ತನ್ನನ್ನೇ ಬಲಪಡಿಸಿಕೊಳ್ಳುವ ಸ್ವರ 343 ಭಾಗಿಸು 7, ಅಂದರೆ ಸರಿಯಾಗಿ 49 ಹರ್ಟ್ಜ್. ಗೋಡೆಗೆ ಒತ್ತಿ ನಿಂತರೆ ಆ ಸ್ವರ ಅಬ್ಬರಿಸುತ್ತದೆ, ಎರಡು ಗೋಡೆಗಳ ನಟ್ಟನಡುವೆ ನಿಂತರೆ ಕರಗಿಹೋಗುತ್ತದೆ. ನಿಮ್ಮ ಕೋಣೆಯನ್ನೂ ಟೇಪ್ ಹಿಡಿದು ಅಳೆದು ಈ ಲೆಕ್ಕ ಹಾಕಿನೋಡಿ, ಯಾವ ಸ್ವರ ಉಬ್ಬುತ್ತದೆ ಎಂದು ಮೊದಲೇ ಹೇಳಬಲ್ಲಿರಿ.

ಪರಿಹಾರವೂ ಅಲ್ಲಿಂದಲೇ ಹೊರಡುತ್ತದೆ. ಮೂಲೆಯಲ್ಲಿ ಆಂಪ್ ಇಟ್ಟರೆ ತಳದ ಸ್ವರಗಳೆಲ್ಲ ಉಬ್ಬುವುದರಿಂದ ಅದನ್ನು ಮೂಲೆಯಿಂದ ಈಚೆಗೆ ತನ್ನಿ. ಒಂದು ಗಟ್ಟಿ ಕುರ್ಚಿಯ ಮೇಲಿಟ್ಟು, ಮಂಡಿಯತ್ತ ಹೋಗುತ್ತಿದ್ದ ದನಿಯನ್ನು ಕಿವಿಯತ್ತ ತಿರುಗಿಸಿ. ಬೇಸ್ ಕೇಳುತ್ತಿಲ್ಲ ಎನಿಸಿದಾಗ ಬೇಸ್ ಗುಂಡಿಯನ್ನು ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. 400ರಿಂದ 800 ಹರ್ಟ್ಜ್‌ನ ಮಿಡ್ ಅನ್ನು ಸ್ವಲ್ಪ ಏರಿಸಿ, 200ರ ಸುತ್ತಮುತ್ತ ಸ್ವಲ್ಪ ತಗ್ಗಿಸಿ, ಸ್ವರಗಳು ಬಿಡಿಬಿಡಿಯಾಗಿ ಎದ್ದುಬರುತ್ತವೆ. ಡ್ರಮ್ಮರ್‌ನ ಹೈಹ್ಯಾಟ್ ಇರುವ ಬದಿಗೆ ನಿಂತರೆ ಅವರ ಕಾಲೂ ಕೈಯೂ ಕಾಣಿಸುತ್ತವೆ. ಮುಚ್ಚಿದ ಕೋಣೆಯಲ್ಲಿ ಶಬ್ದ 100 ಡೆಸಿಬಲ್ ಮುಟ್ಟುವುದು ಕಷ್ಟವೇನಲ್ಲ, ಆ ಮಟ್ಟದಲ್ಲಿ ಕಿವಿಗೆ ಸುರಕ್ಷಿತವಾದ ಅವಧಿ ಹದಿನೈದೇ ನಿಮಿಷ. ಇಯರ್‌ಪ್ಲಗ್ ಹಾಕಿಕೊಳ್ಳಿ.

ಹಂತ 8: ಕಾರ್ಯಕ್ರಮದ ದಿನ

ಸೌಂಡ್ ಚೆಕ್‌ಗೆ ಕರೆದಾಗ ಹಾಡು ನುಡಿಸಬೇಡಿ. ಎಲ್ಲ ಗುಂಡಿಗಳನ್ನೂ ನಡುವಿಗೆ ತಂದು, ನಾಲ್ಕೂ ತಂತಿಗಳಲ್ಲಿ ನಿಧಾನವಾಗಿ, ಕಾರ್ಯಕ್ರಮದಲ್ಲಿ ಮೀಟುವಷ್ಟೇ ಬಲದಿಂದ ಮೀಟಿ. ಆಮೇಲೆ ನಿಮ್ಮ ಅತಿ ಜೋರಿನ ಭಾಗವನ್ನು ನುಡಿಸಿ, ಮಿಕ್ಸರ್‌ನ ಕೆಂಪು ದೀಪ ಹೊತ್ತದಂತೆ ಗೇನ್ ಹೊಂದಿಸಲು ಸಮಯ ಕೊಡಿ. ಹಲಗೆಯ ವೇದಿಕೆಯ ಅಡಿ ಟೊಳ್ಳಾಗಿರುವುದರಿಂದ ಅದೇ ಒಂದು ದೊಡ್ಡ ಡೋಲಿನಂತೆ ಮೊಳಗುತ್ತದೆ. ಆಂಪನ್ನು ನೆಲದಿಂದ ಮೇಲಕ್ಕೆತ್ತಿ, ಪ್ರೀಆಂಪ್‌ನಲ್ಲಿ ಹೈಪಾಸ್ ಫಿಲ್ಟರ್ ಇದ್ದರೆ 35 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ. ಹೊಸ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಕಿಕ್ ಡ್ರಮ್ ಮತ್ತು ಬೇಸ್ ಒಂದೇ ಜಾಗಕ್ಕೆ ಹೊಡೆದಾಡುವುದು ಸಾಮಾನ್ಯ. 60 ಹರ್ಟ್ಜ್‌ನ ಸುತ್ತ ಯಾರಿಗೆ ಆದ್ಯತೆ ಎಂದು ಸೌಂಡ್ ಎಂಜಿನಿಯರ್ ಜೊತೆ ಒಂದು ಮಾತು ಆಡಿ. ಅವರ ಹೆಸರು ಕೇಳಿಕೊಂಡು, ಸಹೋದರರಂತೆ ಮಾತಾಡಿಸಿದರೆ ಮಾನಿಟರ್‌ನಲ್ಲಿ ಕೇಳಿದ್ದು ಸಿಗುತ್ತದೆ. ಡಿಐ ಔಟ್‌ಪುಟ್‌ನಲ್ಲಿ ಪ್ರೀ ಮತ್ತು ಪೋಸ್ಟ್ ಎಂಬ ಸ್ವಿಚ್ ಇದ್ದರೆ, ಪ್ರೀ ಎಂದರೆ ನೀವು ಆಂಪ್‌ನ ಗುಂಡಿ ತಿರುಗಿಸಿದರೂ ಹೊರಗಿನ ದನಿ ಬದಲಾಗದು. ಅಪರಿಚಿತ ವೇದಿಕೆಯಲ್ಲಿ ನಾನು ಯಾವಾಗಲೂ ಅದನ್ನೇ ಆರಿಸುತ್ತೇನೆ.

ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಲು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ನಿರ್ಬಂಧವಿದೆ. ಅಕ್ಕಪಕ್ಕದ ಬೀದಿಗಳವರೆಗೆ ಹೆಚ್ಚಾಗಿ ತಲುಪುವುದು ನಮ್ಮ ತಳದ ಸ್ವರಗಳೇ ಆದ್ದರಿಂದ, ಆಯೋಜಕರ ಅನುಮತಿಯ ಅವಧಿಯನ್ನು ಕೇಳಿಕೊಂಡು ಹಾಡುಗಳ ಪಟ್ಟಿ ಹೊಂದಿಸಿಕೊಳ್ಳಿ.

ಹಂತ 9: ಚೀಲ ಮತ್ತು ಮನೆಗೆ ಬಂದ ಮೇಲೆ

ಚೀಲದಲ್ಲಿ ಇರಬೇಕಾದವು: ಎರಡನೆಯ ಕೇಬಲ್, ಒಂದು ಸೆಟ್ ತಂತಿ, 9 ವೋಲ್ಟ್‌ನ ಎರಡು ಬ್ಯಾಟರಿ, ಅಲೆನ್ ಕೀಗಳು, ಮಲ್ಟಿಮೀಟರ್, ಟಾರ್ಚ್, ಇನ್ಸುಲೇಷನ್ ಟೇಪ್, ಹತ್ತಿಬಟ್ಟೆ, ಮಳೆಗಾಲವಾದರೆ ದಪ್ಪ ಪ್ಲಾಸ್ಟಿಕ್ ಹೊದಿಕೆ. ಬಸ್ಸಿನಲ್ಲಿ ವಾದ್ಯವನ್ನು ಡಿಕ್ಕಿಗೆ ಹಾಕದೆ, ಎರಡು ಮಂಡಿಗಳ ನಡುವೆ ನೆಟ್ಟಗೆ ಹಿಡಿದುಕೊಳ್ಳಿ. ಕಾರ್ಯಕ್ರಮ ಮುಗಿದ ಕೂಡಲೇ, ಊಟಕ್ಕೆ ಕರೆಯುತ್ತಿದ್ದರೂ, ಒಂದೊಂದೇ ತಂತಿಯ ಅಡಿಯಲ್ಲಿ ಬಟ್ಟೆ ತೂರಿಸಿ ಎರಡು ಬೆರಳಿನಿಂದ ಹಿಡಿದು ಬ್ರಿಡ್ಜ್‌ನಿಂದ ನೆಕ್‌ನ ತುದಿಯ ನಟ್‌ವರೆಗೆ ಒರೆಸಿ. ಕೇಬಲನ್ನು ಮೊಳಕೈಗೆ ಸುತ್ತದೆ, ಅದರ ಸಹಜವಾದ ಸುರುಳಿಯಲ್ಲೇ ಮಡಚಿಡಿ. ಮನೆಗೆ ಬಂದು ಚೀಲದಿಂದ ವಾದ್ಯವನ್ನು ಹೊರತೆಗೆದು ಗಾಳಿಯಾಡುವ ಕಡೆ ಸ್ಟ್ಯಾಂಡ್‌ನಲ್ಲಿಡಿ. ತಂತಿಗಳನ್ನು ಸಡಿಲಿಸುವ ಅಗತ್ಯವಿಲ್ಲ, ನೆಕ್‌ಗೆ ಅದೇ ಬಿಗಿ ಅಭ್ಯಾಸವಾಗಿರುತ್ತದೆ. ಆಕ್ಟಿವ್ ಬೇಸ್ ಆಗಿದ್ದರೆ ಮಲಗುವ ಮುನ್ನ ಜ್ಯಾಕ್‌ನಿಂದ ಕೇಬಲ್ ತೆಗೆದಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.